ಯಾರು ಎಷ್ಟು ಕೊಟ್ಟರೆಂದು ಬೋರ್ಡಿಗೆ ಬೇಡ

ಪ್ರಶ್ನೆ: ನಮ್ಮದು ಸಿಸ್ಟರುಗಳು ನಡೆಸುವ ಹೆಣ್ಣುಮಕ್ಕಳ ಹೈಸ್ಕೂಲು. ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ಉಪವಾಸದ ತಪಸ್ಸುಕಾಲದಲ್ಲಿ ಡಯಾಲಿಸಿಸ್ ರೋಗಿಗಳಿಗೆಂದು ಸ್ಟೂಡೆಂಟ್ ಕೌನ್ಸಿಲ್‌ನವರೇ ಹಣ ಒಟ್ಟು ಮಾಡುತ್ತೇವೆ. ಈ ವರ್ಷ ಹೆಚ್ಚು ಕೊಟ್ಟ ಕ್ಲಾಸಿಗೆ ಶೀಲ್ಡ್ ಇಟ್ಟಿದ್ದಾರೆ. ಯಾರು ಎಷ್ಟು ತಂದರೆಂದು ಬೋರ್ಡಿನಲ್ಲಿ ಬರೆಯುವುದು ಲೀಡರ್ ಆದ ನನ್ನ ಕೆಲಸ. ನನ್ನ ಇಬ್ಬರು ಗೆಳತಿಯರ ಹೆಸರಿನ ಮುಂದೆ ಏನೂ ಇಲ್ಲ. ಒಬ್ಬಳ ಅಮ್ಮ ಬೀಡಿ ಕಟ್ಟುತ್ತಾರೆ. ಇಬ್ಬರೂ ಈಗ ಶಾಲೆಗೇ ಸರಿಯಾಗಿ ಬರುತ್ತಿಲ್ಲ. ಅವರ ಪಾಲು ನಾನೇ ಹಾಕಲೇ ಮೇಡಂ?
– ಒಂಬತ್ತನೇ ಕ್ಲಾಸಿನ ಲೀಡರ್, ದಕ್ಷಿಣ ಕನ್ನಡ

ಉತ್ತರ: ಹಾಕಬೇಡ ಮಗಳೇ. ಗೊತ್ತಾದ ದಿನ ಆ ಮಕ್ಕಳಿಗೆ ಇನ್ನೂ ನೋವಾಗುತ್ತದೆ. ಮೊದಲು ಬೋರ್ಡು ಒರೆಸು.

ನಾನೂ ಕಾನ್ವೆಂಟಿನಲ್ಲೇ ಕಲಿತು, ಕಾನ್ವೆಂಟಿನಲ್ಲೇ ಕನ್ನಡ ಕಲಿಸಿದವಳು. ಬೂದಿ ಬುಧವಾರದ ಪೂಜೆಯಲ್ಲಿ ಓದುವುದೇ ಬೈಬಲಿನ ಮತ್ತಾಯನ ಸುವಾರ್ತೆಯ ಆರನೇ ಅಧ್ಯಾಯ: ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು. ಆ ಮಾತಿನಿಂದ ಶುರುವಾಗುವ ತಪಸ್ಸುಕಾಲದಲ್ಲಿ ಹೆಸರು, ಮೊತ್ತ, ಶೀಲ್ಡ್ ಯಾಕೆ? ಇನ್ನೊಂದು ವಿಷಯ. ಈ ಕಾಲದ ದಾನ ಉಪವಾಸದ ಜೊತೆಗೇ ಬರುವಂಥದ್ದು. ಮೀನು, ಮಾಂಸ, ಮಿಠಾಯಿ ಬಿಟ್ಟು ಉಳಿಸಿದ್ದನ್ನು ಕೊಡಬೇಕು. ಅಪ್ಪನ ಪರ್ಸಿನ ಐನೂರರ ನೋಟು ಅಪ್ಪನ ದಾನವಾಯಿತೇ ಹೊರತು ಮಗಳದ್ದಲ್ಲ.

ಮಕ್ಕಳಿಂದ ಮಕ್ಕಳಿಗೆ ಸಹಾಯವಾಗಲಿ ಎಂದು ಫ್ರಾನ್ಸಿನ ಬಿಷಪ್ ಫೋರ್ಬಿನ್-ಜಾನ್ಸನ್ 1843ರಲ್ಲಿ ಪವಿತ್ರ ಬಾಲ್ಯ ಸಂಸ್ಥೆ ಶುರುಮಾಡಿದಾಗ ಕೇಳಿದ್ದು ದಿನಕ್ಕೊಂದು ‘ನಮೋ ಮರಿಯ’ ಪ್ರಾರ್ಥನೆ, ತಿಂಗಳಿಗೊಂದು ಚಿಲ್ಲರೆ ನಾಣ್ಯ, ಅಷ್ಟೇ. ಬಡವರ ಮಗುವೂ ತಲೆಯೆತ್ತಿ ಕೊಡಬಹುದಾದಷ್ಟು. ನಿಮ್ಮ ಕೌನ್ಸಿಲ್ ಇದನ್ನು ತಿಳಿದುಕೊಳ್ಳಬೇಕು.

ಬೋರ್ಡಿನ ಬದಲು ಒಂದು ಬಟ್ಟೆ ಚೀಲ ಹೊಲಿಸಿ, ಇಗರ್ಜಿಯ ಕಾಣಿಕೆ ಚೀಲದ ಹಾಗೆ, ಆಳವಾಗಿ. ಎಲ್ಲರೂ ಮುಷ್ಟಿ ಕಟ್ಟಿಯೇ ಕೈ ಒಳಗೆ ಹಾಕಲಿ. ಮುಷ್ಟಿಯಲ್ಲಿ ಹತ್ತು ರೂಪಾಯಿ ಇತ್ತೋ ಏನೂ ಇರಲಿಲ್ಲವೋ, ಪಕ್ಕದವಳಿಗೆ ಗೊತ್ತಾಗಬಾರದು.

ಹೆಚ್ಚು ಹಣ ಬೇಕೆಂದರೆ ಚರ್ಮುರಿ ಸ್ಟಾಲ್ ಹಾಕಿ. ನಮ್ಮ ಹುಡುಗಿಯರು ಹಾಕುತ್ತಿದ್ದರು. ನೀರುಳ್ಳಿ ಸಣ್ಣಗೆ ಹೆಚ್ಚುವವಳು, ಕ್ಯಾರೆಟ್ ತುರಿಯುವವಳು, ಮಂಡಕ್ಕಿಗೆ ತೆಂಗಿನೆಣ್ಣೆ, ಮೆಣಸಿನ ಪುಡಿ ಹಾಕಿ ಕಲಸುವವಳು, ಕಾಗದದ ಪೊಟ್ಟಣ ಸುತ್ತುವವಳು, ದುಡ್ಡು ಎಣಿಸುವವಳು. ಕಲಸಿಟ್ಟರೆ ಮಂಡಕ್ಕಿ ಮೆತ್ತಗಾಗುತ್ತದೆ, ಗಿರಾಕಿ ಬಂದ ಮೇಲೆಯೇ ಕಲಸಬೇಕು. ಹಾಗಾಗಿ ಒಬ್ಬಳಿಗೂ ಬಿಡುವಿರುವುದಿಲ್ಲ. ಮನೆಯಿಂದ ಏನೂ ತರಲಾಗದ ಹುಡುಗಿ ಅಲ್ಲಿ ಎಲ್ಲರಷ್ಟೇ ದುಡಿಯುತ್ತಾಳೆ. ಸಾಮಾನಿನ ಖರ್ಚು ಕಳೆದು ಉಳಿದದ್ದೆಷ್ಟು, ಯಾವ ಆಸ್ಪತ್ರೆಗೆ ಕಟ್ಟಿದಿರಿ ಎಂಬುದನ್ನು ರಸೀದಿ ಸಮೇತ ನೋಟಿಸ್ ಬೋರ್ಡಿಗೆ ಹಾಕಿ. ಬಚ್ಚಿಡಬೇಕಾದ್ದು ಕೊಟ್ಟವರ ಹೆಸರು, ಲೆಕ್ಕವಲ್ಲ. ರೋಗಿಗಳ ಪಕ್ಕ ನಿಂತು ಫೋಟೋ ತೆಗೆಸುವುದಂತೂ ಖಂಡಿತ ಬೇಡ.

ಇದನ್ನು ಹೇಳಲು ಒಬ್ಬಳೇ ಹೋಗಬೇಡ. ಬೇರೆ ಕ್ಲಾಸಿನ ಲೀಡರುಗಳನ್ನೂ ಕರೆದುಕೊಂಡು ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಹತ್ತಿರ ಹೋಗು. ಗೆಳತಿಯರು ಶಾಲೆಗೆ ಬರಲು ಹಿಂಜರಿಯುತ್ತಿರುವುದನ್ನು ಅವರ ಹೆಸರು ಹೇಳದೆ ತಿಳಿಸು. ಶೀಲ್ಡ್ ವಿಚಾರವಾಗಿ ಕೌನ್ಸಿಲ್‌ನವರು ಮುನಿಸಿಕೊಂಡಾರು, ಮುನಿಸಿಕೊಳ್ಳಲಿ. ಅವತ್ತೇ ಸಂಜೆ ಆ ಇಬ್ಬರ ಮನೆಗೂ ಹೋಗು. ಹಣದ ಸುದ್ದಿ ಎತ್ತಬೇಡ. ಸ್ಟಾಲಿನ ಲೆಕ್ಕದ ಪುಸ್ತಕ ಯಾರು ಬರೆಯುತ್ತೀರಿ ಎಂದು ಕೇಳು.