ಕೋಳಿ ಬುಟ್ಟಿ ಬಿಟ್ಟು ಏಳ್ತಿಲ್ಲ, ಮೊಟ್ಟೆಯೂ ಇಟ್ಟಿಲ್ಲ: ಕಾವೋ, ಮೊಟ್ಟೆ ಸಿಕ್ಕಿಕೊಂಡಿದೆಯೋ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು. ಹಿತ್ತಲಲ್ಲಿ ಸ್ವರ್ಣಧಾರ ಅನ್ನೋ ಸುಧಾರಿತ ತಳಿಯ ಮೂರು ಕೋಳಿ, ಎರಡು ನಾಟಿ ಹೇಂಟೆ ಇವೆ. ಒಂದು ಸ್ವರ್ಣಧಾರ ನಿನ್ನೆ ಬೆಳಗಿನಿಂದ ಬುಟ್ಟಿಯಲ್ಲೇ ಕೂತಿದೆ, ಬಾಲ ಆಡಿಸಿಕೊಂಡು ತಿಣುಕುತ್ತೆ, ಮೇವು ಬಿಟ್ಟಿದೆ. ಇನ್ನೊಂದು ಸ್ವರ್ಣಧಾರ ಒಂದು ವಾರದಿಂದ ಚಿಪ್ಪಿಲ್ಲದ ಮೆತ್ತನೆ ಮೊಟ್ಟೆ ಇಡ್ತಿದೆ. ನೀವು ಹಾಕೋದು ರಾಗಿ, ನುಚ್ಚಕ್ಕಿ, ಮಿಕ್ಕಿದ ಅನ್ನ. ಎರಡು ಕೋಳಿಯ ತೊಂದರೆಗೂ ಮೂಲ ಒಂದೇ ಇರಬಹುದು ಅಂತ ನನಗನ್ನಿಸುತ್ತೆ, ಅದಕ್ಕೆ ಆಮೇಲೆ ಬರ್ತೀನಿ. ಮೊದಲು ಕೂತಿರೋ ಕೋಳಿಯನ್ನ ನೋಡಿ, ಅದಕ್ಕೆ ಜಾಸ್ತಿ ಹೊತ್ತಿಲ್ಲ. ನಾನು ಪಶುವೈದ್ಯನಲ್ಲ, ಹಿತ್ತಲಲ್ಲಿ ಕೋಳಿ ಸಾಕುವವನು ಅಷ್ಟೆ. ಆ ಲೆಕ್ಕದಲ್ಲೇ ಓದಿ.

ಬುಟ್ಟಿ ಬಿಟ್ಟು ಏಳದ ಕೋಳಿ ಕಂಡರೆ ಮನೆಯ ಹಿರಿಯರು ‘ಕಾವಿಗೆ ಕೂತಿದೆ ಬಿಡು’ ಅಂತಾರೆ. ನಾಟಿ ಕೋಳಿಯಾದರೆ ಬಹಳ ಸಲ ಅದು ನಿಜವೂ ಹೌದು. ಆದರೆ ಕಾವಿಗೆ ಕೂತ ಕೋಳಿಗೆ ಒಂದು ಗತ್ತಿರುತ್ತೆ. ಹತ್ತಿರ ಹೋದರೆ ಪುಕ್ಕ ಉಬ್ಬಿಸಿ ಗುರ್ ಅನ್ನುತ್ತೆ, ಕೈಯಿಟ್ಟರೆ ಕುಕ್ಕುತ್ತೆ. ಎತ್ತಿ ಅಂಗಳಕ್ಕೆ ಬಿಟ್ಟರೆ ಗೊಣಗಿಕೊಂಡೇ ಗಬಗಬ ತಿಂದು, ನೀರು ಕುಡಿದು, ದೊಡ್ಡದೊಂದು ನಾರುವ ಹಿಕ್ಕೆ ಹಾಕಿ, ಓಡಿಬಂದು ಅದೇ ಜಾಗದಲ್ಲಿ ಕೂರುತ್ತೆ. ಮೊಟ್ಟೆ ಸಿಕ್ಕಿಕೊಂಡ ಕೋಳಿ ಹಾಗಲ್ಲ. ಎತ್ತಿದರೆ ಸುಮ್ಮನೆ ಎತ್ತಿಸಿಕೊಳ್ಳುತ್ತೆ. ಕೆಳಗೆ ಬಿಟ್ಟರೆ ಕಾಲಗಲಿಸಿ, ಮೈ ನೆಟ್ಟಗೆ ಮಾಡಿ, ಪೆಂಗ್ವಿನ್ ಥರ ನಿಲ್ಲುತ್ತೆ. ಉಸಿರಾಡಿದ ಹಾಗೆಲ್ಲ ಬಾಲ ಮೇಲೆ ಕೆಳಗೆ ಆಡುತ್ತೆ, ಕಣ್ಣು ಅರ್ಧ ಮುಚ್ಚಿರುತ್ತೆ, ಹಿಕ್ಕೆ ಬಂದರೂ ಒಂದಿಷ್ಟು ನೀರು ಅಷ್ಟೆ. ಕೆಲವಕ್ಕೆ ಕಾಲೂ ಕುಂಟುತ್ತೆ, ಯಾಕೆಂದರೆ ಒಳಗಿನ ಮೊಟ್ಟೆ ಕಾಲಿಗೆ ಹೋಗುವ ನರವನ್ನೇ ಒತ್ತಿರುತ್ತೆ. ಸಾಲದ್ದಕ್ಕೆ ಸ್ವರ್ಣಧಾರದಂಥ ಸುಧಾರಿತ ತಳಿ ಕಾವಿಗೆ ಕೂರೋದೇ ಅಪರೂಪ. ನೀವು ಬರೆದಿರೋ ಲಕ್ಷಣ ನೋಡಿದರೆ ನನ್ನ ಅನುಮಾನ ಸಿಕ್ಕಿಕೊಂಡ ಮೊಟ್ಟೆಯ ಮೇಲೇ.

ಅನುಮಾನ ಬಗೆಹರಿಸೋದು ಕೈಯಿಂದ. ಹಳ್ಳಿಗಳಲ್ಲಿ ಬೆಳಗ್ಗೆ ಕೋಳಿ ಬಿಡುವ ಮೊದಲು ಬೆರಳಿಟ್ಟು ನೋಡಿ, ಇವತ್ತು ಮೊಟ್ಟೆ ಇಡೋದನ್ನ ಬುಟ್ಟಿ ಕವುಚಿ ನಿಲ್ಲಿಸಿಕೊಳ್ಳುವ ರೂಢಿ ಇದೆ, ನೀವೂ ನೋಡಿರಬಹುದು. ಅದೇ ವಿದ್ಯೆ ಇಲ್ಲಿ ಬೇಕು. ಮೊದಲು ಹೊರಗಿನಿಂದ: ಗುದದ್ವಾರದ ಕೆಳಗೆ ಎರಡೂ ಕಡೆ ಸಣ್ಣ ಮೂಳೆಯ ತುದಿ ಕೈಗೆ ಸಿಗುತ್ತೆ. ಅವೆರಡರ ನಡುವೆ ಎರಡು ಮೂರು ಬೆರಳಗಲ ಜಾಗವಿದ್ದರೆ ಕೋಳಿ ಮೊಟ್ಟೆಯಿಡುವ ಸ್ಥಿತಿಯಲ್ಲಿದೆ ಅಂತ ಅರ್ಥ. ಒಂದು ಬೆರಳಗಲವಷ್ಟೇ ಇದ್ದರೆ ಸದ್ಯ ಮೊಟ್ಟೆ ಇಡ್ತಿಲ್ಲ. ಅಲ್ಲೇ ಕೆಳಗೆ ಹೊಟ್ಟೆಯನ್ನು ಹಗುರವಾಗಿ ಮುಟ್ಟಿ, ಗಟ್ಟಿಯಾದ ದುಂಡನೆಯದು ಸಿಗುತ್ತಾ ನೋಡಿ. ತಿಳಿಯದಿದ್ದರೆ ಉಗುರು ಕತ್ತರಿಸಿ, ಕೈಗವಸು ಹಾಕಿ, ಬೆರಳಿಗೆ ಕೊಬ್ಬರಿ ಎಣ್ಣೆ ಸವರಿ ನಿಧಾನಕ್ಕೆ ಒಳಗೆ ಬಿಡಿ. ಮೊಟ್ಟೆ ಇದ್ದರೆ ಬೆರಳಿನ ಒಂದು ಎರಡು ಗೆಣ್ಣಿನೊಳಗೇ ತಗಲುತ್ತೆ. ಏನೂ ತಗಲದಿದ್ದರೆ ತೊಂದರೆ ಬೇರೆ ಇದೆ, ಮುಂದೆ ಹೇಳ್ತೀನಿ.

ಮೊಟ್ಟೆ ಸಿಕ್ಕಿತು ಅನ್ನಿ. ಅಗಲವಾದ ಬೋಗುಣಿಯಲ್ಲಿ ಬೆಚ್ಚಗಿನ ನೀರು ಹಾಕಿ, ಮೊಣಕೈ ಅದ್ದಿದರೆ ಹಿತವಾಗಿರಬೇಕು, ಸುಡಬಾರದು. ಕೋಳಿಯನ್ನು ಹೊಟ್ಟೆ ಮುಳುಗುವಷ್ಟು ಕೂರಿಸಿ ಇಪ್ಪತ್ತು ನಿಮಿಷ ಹಿಡಿದುಕೊಳ್ಳಿ. ಮೊದಲು ಒದ್ದಾಡುತ್ತೆ, ಆಮೇಲೆ ಬಿಸಿಗೆ ಸೋತು ಸುಮ್ಮನಾಗುತ್ತೆ. ಸ್ನಾಯು ಸಡಿಲವಾಗಲಿ ಅಂತಲೇ ಇದು. ತೆಗೆದು ಚೆನ್ನಾಗಿ ಒರೆಸಿ, ಗುದದ್ವಾರದ ಸುತ್ತ, ಸ್ವಲ್ಪ ಒಳಗೂ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಸವರಿ, ಬೇರೆ ಕೋಳಿಗಳ ಕಣ್ಣಿಗೆ ಬೀಳದ ಹಾಗೆ ಕತ್ತಲೆಯ ಬೆಚ್ಚನೆ ಮೂಲೆಯಲ್ಲಿ ಹುಲ್ಲು ಹಾಸಿ ಬಿಡಿ. ಬಾಯಿ ತೆರೆದು ಏದುಸಿರು ಬಿಡ್ತಿದ್ದರೆ ಬಿಸಿ ಜಾಸ್ತಿಯಾಗಿದೆ ಅಂತ ಅರ್ಥ, ತಣ್ಣಗೆ ಮಾಡಿ. ಪಶು ಔಷಧಿ ಅಂಗಡಿಯಲ್ಲಿ ಕೋಳಿಗೆಂದು ದ್ರವರೂಪದ ಕ್ಯಾಲ್ಸಿಯಂ ಸಿಗುತ್ತೆ. ಅದನ್ನ ಡಬ್ಬಿಯ ಮೇಲೆ ಬರೆದ ಅಳತೆಯಲ್ಲಿ, ಕೊಕ್ಕಿನ ಪಕ್ಕದಲ್ಲಿ ಒಂದೊಂದೇ ಹನಿ ಬಿಟ್ಟು ನೆಕ್ಕಿಸಿ. ಬಾಯಿ ಬಿಡಿಸಿ ಸುರಿದರೆ ಶ್ವಾಸನಾಳಕ್ಕೆ ಹೋಗುತ್ತೆ. ಮೊಟ್ಟೆಯನ್ನ ಹೊರಗೆ ತಳ್ಳೋದು ಸ್ನಾಯು, ಆ ಸ್ನಾಯು ಹಿಂಡಲಿಕ್ಕೂ ಕ್ಯಾಲ್ಸಿಯಂ ಬೇಕು, ಬರೀ ಚಿಪ್ಪಿಗಲ್ಲ. ಎರಡು ಮೂರು ತಾಸು ಬಿಟ್ಟು ಇನ್ನೊಂದು ಸಲ ನೀರಲ್ಲಿ ಕೂರಿಸಬಹುದು.

ಹೊಟ್ಟೆ ಹಿಸುಕಿ ಮೊಟ್ಟೆ ತೆಗೆಯಲು ಹೋಗಬೇಡಿ. ಒಳಗೇ ಒಡೆದರೆ ಚಿಪ್ಪಿನ ಚೂರು ಮೊಟ್ಟೆ ಬರೋ ನಾಳವನ್ನ ಕುಯ್ಯುತ್ತೆ, ಸೋಂಕು ಹತ್ತುತ್ತೆ. ಹರಳೆಣ್ಣೆ ಕುಡಿಸಿ ಅಂತ ಹೇಳುವವರು ಎಲ್ಲ ಊರಲ್ಲೂ ಸಿಗ್ತಾರೆ. ಬಾಯಿಗೆ ಹಾಕಿದ್ದು ಕರುಳಿಗೆ ಹೋಗುತ್ತೆ, ಮೊಟ್ಟೆ ಇರೋದು ಬೇರೆ ನಾಳದಲ್ಲಿ. ಎರಡೂ ಸೇರೋದು ಹೊರಬಾಗಿಲ ಹತ್ತಿರ ಮಾತ್ರ. ಹಾಗಾಗಿ ಭೇದಿಯಾಗುತ್ತೆಯೇ ಹೊರತು ಮೊಟ್ಟೆ ಜಾರಲ್ಲ.

ನಿಮ್ಮ ಕೋಳಿ ಕೂತು ಆಗಲೇ ಒಂದು ದಿನ ಕಳೆದಿರೋದರಿಂದ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ. ಸ್ನಾನ, ಎಣ್ಣೆ ಎಲ್ಲ ಅವರು ಸಿಗುವ ತನಕದ ಕೆಲಸ. ಎರಡು ದಿನ ದಾಟಿದರೆ ಉಳಿಯೋದು ಕಷ್ಟ. ಹತ್ತಿರದ ಪಶು ಆಸ್ಪತ್ರೆ ಮುಚ್ಚಿದ್ದರೆ ಪಶುಪಾಲನಾ ಇಲಾಖೆಯ 1962ಕ್ಕೆ ಕರೆ ಮಾಡಿ ಕೇಳಿ. ಡಾಕ್ಟರು ಕ್ಯಾಲ್ಸಿಯಂ ಚುಚ್ಚುಮದ್ದು ಕೊಡಬಹುದು, ದಾರಿ ಸಡಿಲವಾಗಿದೆ ಅನ್ನೋದು ಖಾತ್ರಿಯಾದರೆ ಸ್ನಾಯು ಹಿಂಡಿಸುವ ಆಕ್ಸಿಟೋಸಿನ್ ಕೊಡಬಹುದು, ಇಲ್ಲವೇ ಸೂಜಿ ಹಾಕಿ ಮೊಟ್ಟೆಯೊಳಗಿನದನ್ನ ಎಳೆದು ಚಿಪ್ಪು ಕುಗ್ಗಿಸಿ ತೆಗೆಯಬಹುದು. ಹಸುವಿಗೆ ತಂದಿಟ್ಟ ಆಕ್ಸಿಟೋಸಿನ್ ಮನೆಯಲ್ಲಿದ್ದರೂ ನೀವಾಗಿ ಚುಚ್ಚಬೇಡಿ. ಮುಂದೆ ದಾರಿ ಬಿಗಿದಿರುವಾಗ ಹಿಂದಿನಿಂದ ತಳ್ಳಿಸಿದರೆ ನಾಳ ಹರಿದುಹೋಗುತ್ತೆ.

ಇನ್ನು ಮೂಲಕ್ಕೆ ಬರೋಣ. ನಾಟಿ ಹೇಂಟೆ ಹತ್ತು ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂರುತ್ತೆ, 21 ದಿನಕ್ಕೆ ಮರಿ ಮಾಡಿ, ಅವನ್ನ ಮೇಯಿಸಿಕೊಂಡು ತಿಂಗಳುಗಟ್ಟಲೆ ಮೊಟ್ಟೆಯ ಗೋಜಿಗೇ ಹೋಗಲ್ಲ. ಆ ಬಿಡುವಲ್ಲಿ ಅದರ ಮೂಳೆ ಮತ್ತೆ ತುಂಬಿಕೊಳ್ಳುತ್ತೆ. ತಿಪ್ಪೆ ಕೆದರಿ ಹುಳ, ಬಸವನ ಹುಳದ ಚಿಪ್ಪು, ಸುಣ್ಣದ ಗೋಡೆಯ ಚಕ್ಕೆ ಎಲ್ಲ ತಿಂದು ಲೆಕ್ಕ ಸರಿಮಾಡಿಕೊಳ್ಳುತ್ತೆ. ಸ್ವರ್ಣಧಾರ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಹಿತ್ತಲ ಸಾಕಣೆಗೆಂದೇ ಬೆಳೆಸಿದ ತಳಿ, ಗಟ್ಟಿ ಕೋಳಿ, ನನಗೂ ಇಷ್ಟ. ಆದರೆ ಅದು ನಾಟಿಯ ಎರಡು ಮೂರು ಪಟ್ಟು ಮೊಟ್ಟೆ ಇಡುತ್ತೆ, ನಡುವೆ ಬಿಡುವೂ ಕಡಿಮೆ. ನಾವು ತಳಿ ಬದಲಾಯಿಸಿದೆವು, ಮೇವು ಮಾತ್ರ ಅಜ್ಜಿ ಕಾಲದ್ದೇ ಉಳಿಸಿಕೊಂಡೆವು. ತೊಂದರೆ ಇರೋದು ಇಲ್ಲಿ.

ರಾಗಿಯಲ್ಲಿ ಕ್ಯಾಲ್ಸಿಯಂ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ, ಧಾನ್ಯಗಳಲ್ಲೇ ಅದು ಮುಂದು, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ. ಆದರೆ ಕೋಳಿಯ ಲೆಕ್ಕ ನೋಡಿ. ಒಂದು ಮೊಟ್ಟೆಯ ಚಿಪ್ಪಲ್ಲೇ ಎರಡು ಗ್ರಾಂ ಹತ್ತಿರ ಕ್ಯಾಲ್ಸಿಯಂ ಇರುತ್ತೆ, ತಿಂದದ್ದೆಲ್ಲ ಮೈಗೆ ಹತ್ತಲ್ಲವಾದ್ದರಿಂದ ಮೊಟ್ಟೆಯಿಡುವ ಕೋಳಿಗೆ ದಿನಕ್ಕೆ ನಾಲ್ಕು ಗ್ರಾಂ ಬೇಕು. ಅದು ದಿನಕ್ಕೆ ತಿನ್ನೋದೇ 100ರಿಂದ 120 ಗ್ರಾಂ ಮೇವು. ಪೂರ್ತಿ ರಾಗಿಯನ್ನೇ ತಿಂದರೂ ಬೇಕಾದ್ದರ ಹತ್ತನೇ ಒಂದು ಭಾಗ. ನುಚ್ಚಕ್ಕಿ, ಅನ್ನದಲ್ಲಿ ಅದೂ ಇಲ್ಲ. ಕೊರತೆಯನ್ನ ಕೋಳಿ ತನ್ನ ಮೂಳೆಯಿಂದ ತೆಗೆದು ಕೊಡುತ್ತೆ. ಅದೂ ಮುಗಿಯುತ್ತಾ ಬಂದಾಗ ಮೊದಲು ಚಿಪ್ಪು ತೆಳುವಾಗುತ್ತೆ, ಆಮೇಲೆ ಬರೀ ಪೊರೆಯ ಮೊಟ್ಟೆ, ಕೊನೆಗೆ ತಳ್ಳೋ ಶಕ್ತಿಯೇ ಇಲ್ಲದೆ ಮೊಟ್ಟೆ ನಿಂತುಬಿಡುತ್ತೆ. ನಿಮ್ಮ ಒಂದು ಕೋಳಿ ಎರಡನೇ ಹಂತದಲ್ಲಿ, ಇನ್ನೊಂದು ಮೂರನೇ ಹಂತದಲ್ಲಿ ಇರಬಹುದು. ಬೊಜ್ಜು, ಎರಡು ಬಂಡಾರದ (ಹಳದಿ ಲೋಳೆಯ) ದಪ್ಪ ಮೊಟ್ಟೆ, ಚೊಚ್ಚಲು, ಜಂತುಹುಳ, ಇವೂ ಕಾರಣ ಆಗುತ್ತವೆ. ಅನ್ನ ಜಾಸ್ತಿ ತಿಂದ ಕೋಳಿಗೆ ಬೊಜ್ಜೂ ಬರುತ್ತೆ ಅನ್ನೋದು ಬೇರೆ ಮಾತು.

ಹಾಗಾಗಿ ಮೆತ್ತನೆ ಮೊಟ್ಟೆಯ ಕೋಳಿಗೆ ಔಷಧಿಗಿಂತ ಮೊದಲು ಮೇವು ಬದಲಿಸಿ. ಮುಖ್ಯ ಮೇವು ಲೇಯರ್ ಮ್ಯಾಶ್, ಅಂದರೆ ಮೊಟ್ಟೆಕೋಳಿಗೆಂದೇ ಮಾಡಿದ ಪುಡಿ ಮೇವು ಆಗಲಿ, ಅದರಲ್ಲಿ ಕ್ಯಾಲ್ಸಿಯಂ ಶೇ. 3.5ರಿಂದ 4, ಪ್ರೋಟೀನ್ ಶೇ. 16ರಿಂದ 18 ಇರುತ್ತೆ. ರಾಗಿ, ಅನ್ನ ಸಂಜೆಗೆ ಒಂದು ಹಿಡಿ ಸಾಕು. ಬೇರೆ ಬಟ್ಟಲಲ್ಲಿ ಶೆಲ್ ಗ್ರಿಟ್ (ಕಪ್ಪೆಚಿಪ್ಪಿನ ಚೂರು) ಸದಾ ಇಡಿ, ಬೇಕಾದ ಕೋಳಿ ಬೇಕಾದಷ್ಟು ತಿನ್ನುತ್ತೆ. ನುಣ್ಣನೆ ಪುಡಿಗಿಂತ ಅಕ್ಕಿಕಾಳಿನಷ್ಟು ದಪ್ಪ ಚೂರು ಒಳ್ಳೆಯದು: ಚಿಪ್ಪು ಕಟ್ಟೋದು ಸುಮಾರು ಇಪ್ಪತ್ತು ತಾಸಿನ ಕೆಲಸ, ಅದರಲ್ಲಿ ಬಹುಪಾಲು ರಾತ್ರಿ ನಡೆಯುತ್ತೆ, ದಪ್ಪ ಚೂರು ಕಲ್ಲೀಜದಲ್ಲಿ (ಕಾಳು ಅರೆಯುವ ಹೊಟ್ಟೆಯಲ್ಲಿ) ನಿಧಾನಕ್ಕೆ ಕರಗುತ್ತಾ ರಾತ್ರಿಯಿಡೀ ಒದಗುತ್ತೆ. ಮನೆಯ ಮೊಟ್ಟೆ ಚಿಪ್ಪನ್ನ ಹುರಿದು ಪುಡಿಮಾಡಿ ಹಾಕಬಹುದು. ಮೊಟ್ಟೆಯ ಆಕಾರ ಕಾಣದ ಹಾಗೆ ಪುಡಿ ಆಗಲಿ, ಇಲ್ಲದಿದ್ದರೆ ಗೂಡಲ್ಲೇ ಮೊಟ್ಟೆ ಒಡೆದು ತಿನ್ನೋ ಚಾಳಿ ಹತ್ತೀತು. ಎಲೆ ಅಡಿಕೆಯ ಸುಣ್ಣ, ಗೋಡೆಗೆ ಬಳಿಯೋ ಸುಣ್ಣ ಮಾತ್ರ ಬೇಡ, ಬಾಯಿ ಗಂಟಲು ಸುಡುತ್ತೆ. ಇನ್ನೂ ಮೊಟ್ಟೆಗೆ ಬಾರದ ಪಿಳ್ಳೆಗಳಿಗೆ ಲೇಯರ್ ಮ್ಯಾಶ್ ಹಾಕಬೇಡಿ, ಅಷ್ಟು ಕ್ಯಾಲ್ಸಿಯಂ ಅವುಗಳ ಮೂತ್ರಪಿಂಡ ಕೆಡಿಸುತ್ತೆ. ಬಿಸಿಲುಗಾಲವಾದರೆ ನೆರಳು, ತಣ್ಣೀರು ನೋಡಿಕೊಳ್ಳಿ. ಬಾಯಿ ತೆರೆದು ಏದುಸಿರು ಬಿಟ್ಟಷ್ಟೂ ರಕ್ತದ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿ, ಎಷ್ಟು ಕ್ಯಾಲ್ಸಿಯಂ ತಿಂದರೂ ಚಿಪ್ಪು ತೆಳುವಾಗುತ್ತೆ.

ಮೇವು ಸರಿಮಾಡಿ ಎರಡು ಮೂರು ವಾರವಾದರೂ ಚಿಪ್ಪು ಗಟ್ಟಿಯಾಗದಿದ್ದರೆ, ಅಥವಾ ಎಲ್ಲ ಕೋಳಿಯೂ ಒಟ್ಟಿಗೇ ಕೆಟ್ಟ ಮೊಟ್ಟೆ ಇಡಲು ಶುರುಮಾಡಿದರೆ ಅದು ರೋಗ ಇರಬಹುದು. ಸುಕ್ಕುಸುಕ್ಕು ಚಿಪ್ಪು, ನೀರಾದ ಲೋಳೆ, ಜೊತೆಗೆ ಸೀನು, ಗೊರಗೊರ ಇದ್ದರೆ ಇನ್ಫೆಕ್ಷಿಯಸ್ ಬ್ರಾಂಕೈಟಿಸ್ ಅನ್ನೋ ಉಸಿರಾಟದ ರೋಗ ಇರಬಹುದು. ಕೋಳಿ ನೋಡಲು ಚೆನ್ನಾಗೇ ಇದ್ದು ಚಿಪ್ಪಿನ ಬಣ್ಣ ಹೋಗಿ ಮೆತ್ತನೆ ಮೊಟ್ಟೆ ಬಂದರೆ 1976ರಲ್ಲಿ ಮೊದಲು ವರದಿಯಾದ ಎಗ್ ಡ್ರಾಪ್ ಸಿಂಡ್ರೋಮ್ (ಮೊಟ್ಟೆ ಇಳಿಮುಖವಾಗುವ ರೋಗ) ಇರಬಹುದು. ಹಸಿರು ಭೇದಿ, ಕತ್ತು ತಿರುಚೋದು ಕಂಡರೆ ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಇದಕ್ಕೆ ಲಸಿಕೆ ಹಾಕಿಸಿಲ್ಲದಿದ್ದರೆ ಕೋಳಿ ಹುಷಾರಾಗಿರುವಾಗಲೇ ಹಾಕಿಸಿಬಿಡಿ. ಇವೆಲ್ಲ ವೈರಸ್ಸು, ಬಂದಮೇಲೆ ಔಷಧಿಯಿಲ್ಲ.

ಬೆರಳಿಗೆ ಮೊಟ್ಟೆ ತಗಲದೆ, ಹೊಟ್ಟೆ ಮಾತ್ರ ಊದಿಕೊಂಡು ನೀರು ತುಂಬಿದ ಹಾಗೆ ಜೋತಾಡ್ತಿದ್ದರೆ, ಬಂಡಾರ ನಾಳಕ್ಕೆ ಇಳಿಯದೆ ಹೊಟ್ಟೆಯೊಳಗೇ ಬಿದ್ದು ಕೊಳೆತಿರಬಹುದು. ರಬ್ಬರಿನಂಥ, ಪದರ ಪದರವಾದ ಗಡ್ಡೆ ಹೊರಗೆ ಬಂದರೆ ನಾಳಕ್ಕೆ ಸೋಂಕು. ಈ ಎರಡರಲ್ಲೂ ಮನೆಮದ್ದು ನಡೆಯಲ್ಲ, ಡಾಕ್ಟರಿಗೂ ಕಷ್ಟ, ವಯಸ್ಸಾದ ಕೋಳಿಯಾದರೆ ನರಳಿಸದೆ ಮುಗಿಸೋದೇ ವಾಸಿ ಅಂತ ನನ್ನ ಅಭಿಪ್ರಾಯ.

ತಿಣುಕಿ ತಿಣುಕಿ ಮೊಟ್ಟೆಯ ಜೊತೆಗೆ ನಾಳವೂ ಕೆಂಪಗೆ ಹೊರಗೆ ಬರೋದುಂಟು, ನಿಮ್ಮ ಕೋಳಿಗೂ ಆಗಬಹುದು, ಎಚ್ಚರವಾಗಿರಿ. ಕಂಡ ಕ್ಷಣ ಕೋಳಿಯನ್ನ ಬೇರೆ ಮಾಡಿ. ಕೆಂಪು ಕಂಡರೆ ಉಳಿದ ಕೋಳಿಗಳು ಕುಕ್ಕಿ ಕರುಳೇ ಎಳೆದುಹಾಕುತ್ತವೆ, ಸಾವು ಬರೋದು ಹೆಚ್ಚಾಗಿ ಹಾಗೇ. ಉಪ್ಪು ಬೆರೆಸಿ ಕುದಿಸಿ ಆರಿಸಿದ ನೀರಿನಿಂದ ತೊಳೆದು, ಊತವಿದ್ದರೆ ಸಕ್ಕರೆ ಉದುರಿಸಿ ಸ್ವಲ್ಪ ಹೊತ್ತು ಬಿಡಿ, ನೀರೆಳೆದು ಊತ ಇಳಿಯುತ್ತೆ. ಆಮೇಲೆ ಎಣ್ಣೆ ಸವರಿದ ಬೆರಳಿಂದ ಮೆಲ್ಲಗೆ ಒಳಗೆ ಸೇರಿಸಿ. ಕೆಲವು ದಿನ ಕತ್ತಲಲ್ಲಿ ಇಡಿ, ಬೆಳಕು ಕಡಿಮೆಯಾದರೆ ಮೊಟ್ಟೆ ನಿಲ್ಲುತ್ತೆ, ಗಾಯ ಮಾಯಲು ಹೊತ್ತು ಸಿಗುತ್ತೆ. ಮತ್ತೆ ಮತ್ತೆ ಬರುವ ಕೋಳಿಯನ್ನ ಮೊಟ್ಟೆಗಾಗಿ ಇಟ್ಟುಕೊಳ್ಳಬೇಡಿ.

ನಿಮ್ಮ ನಾಟಿಗಳು ಮುಂದೆ ಕಾವಿಗೆ ಕೂತಾಗ ಮರಿ ಬೇಡವೆಂದರೆ ತಳದಲ್ಲಿ ಗಾಳಿಯಾಡುವ ಪಂಜರದಲ್ಲಿ ಮೂರು ನಾಲ್ಕು ದಿನ ಬಿಡಿ, ಹೊಟ್ಟೆ ತಣ್ಣಗಾಗಿ ಕಾವು ಬಿಡುತ್ತೆ. ಮೂಗಿಗೆ ಪುಕ್ಕ ಚುಚ್ಚೋದು ಬೇಡ, ಹಿಂಸೆ ಅಷ್ಟೆ.

ಡಾಕ್ಟರಿಗೆ ಫೋನ್ ಮಾಡುವಾಗ ಕೋಳಿಯ ವಯಸ್ಸು, ಕೊನೆಯ ಮೊಟ್ಟೆ ಯಾವತ್ತು ಇಟ್ಟಿತು, ಬೆರಳಿಗೆ ಏನು ಸಿಕ್ಕಿತು, ಹಿಕ್ಕೆ ಹೇಗಿದೆ ಅನ್ನೋದನ್ನ ಮೊದಲೇ ಹೇಳಿ. ಆ್ಯಂಟಿಬಯಾಟಿಕ್ ಕೊಟ್ಟರೆ ಎಷ್ಟು ದಿನ ಅದರ ಮೊಟ್ಟೆ ತಿನ್ನಬಾರದು ಅಂತಲೂ ಕೇಳಿಕೊಳ್ಳಿ.