ಮ್ಯಾಜಿಕ್ ಸ್ಲೇಟಿನಿಂದ ಶುರು ಮಾಡಿ

ಪ್ರಿಯರೇ,

ನಿರಚನೆ (ಪಠ್ಯ ತಾನೇ ನಂಬಿದ ಮೇಲು-ಕೀಳುಗಳು ಅದರೊಳಗೇ ಹೇಗೆ ಸಡಿಲವಾಗುತ್ತವೆ ಎಂದು ತೋರಿಸುವ ಓದು) ಮತ್ತು ಮನೋವಿಶ್ಲೇಷಣೆಯ (ಸುಪ್ತಮನಸ್ಸನ್ನು ಅರಿಯಲು ಫ್ರಾಯ್ಡ್ ಹಾಕಿಕೊಟ್ಟ ವಿಧಾನ) ನಂಟಿನ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ. ಇದರೊಳಗೆ ಒಳ್ಳೆಯ ಲೇಖನವೊಂದು ಅಡಗಿದೆ.

‘ನಿರಚನೆ ಎಂದರೆ ತತ್ವಶಾಸ್ತ್ರಕ್ಕೆ ಮಾಡುವ ಮನೋವಿಶ್ಲೇಷಣೆ’ ಎಂದು ಮೊದಲ ಸಾಲಿನಲ್ಲೇ ಬರೆದಿದ್ದೀರಿ. ಕೇಳಲು ಚೆನ್ನಾಗಿದೆ. ಆದರೆ ನಿರಚನೆಯನ್ನು ಶುರುಮಾಡಿದ ಫ್ರೆಂಚ್ ತತ್ವಜ್ಞಾನಿ ಡೆರಿಡಾ 1966ರಲ್ಲಿ ಫ್ರಾಯ್ಡ್ ಬಗ್ಗೆ ಬರೆದ ಪ್ರಬಂಧದ ಆರಂಭದಲ್ಲೇ, ಹಾಗೆ ಕಂಡರೂ ಅದು ಹಾಗಲ್ಲ ಅಂದಿದ್ದಾರೆ. ತತ್ವಶಾಸ್ತ್ರ ಬರವಣಿಗೆಯನ್ನು ಮಾತಿಗಿಂತ ಕೀಳಾಗಿ ಕಂಡು ಅದುಮಿಟ್ಟಿತು ಎನ್ನುವುದು ಅವರ ವಾದ. ಫ್ರಾಯ್ಡ್ ಹೇಳುವ ದಮನವನ್ನು, ಅಂದರೆ ಬೇಡದ ಆಸೆ-ನೆನಪುಗಳನ್ನು ಮನಸ್ಸು ಒಳಗೆ ತಳ್ಳುವುದನ್ನು, ಇಟ್ಟುಕೊಂಡು ಇದನ್ನು ವಿವರಿಸಲು ಬರುವುದಿಲ್ಲ ಅಂತಾರೆ. ನೀವು ಒಪ್ಪಲೇಬೇಕೆಂದಿಲ್ಲ. ಆದರೆ ಉತ್ತರ ಕೊಡದೆ ಮುಂದೆ ಹೋಗುವ ಹಾಗಿಲ್ಲ, ಅಲ್ವಾ?

ನಾಲ್ಕನೇ ಪುಟದಲ್ಲಿ ಮಕ್ಕಳ ಮ್ಯಾಜಿಕ್ ಸ್ಲೇಟ್ ಬರುತ್ತದೆ. ಬರೀ ಎರಡು ಸಾಲು! ಲೇಖನದ ಜೀವ ಇರುವುದೇ ಅಲ್ಲಿ. 1925ರಲ್ಲಿ ಬಂದ ಪುಟ್ಟ ಟಿಪ್ಪಣಿಯೊಂದರಲ್ಲಿ ಫ್ರಾಯ್ಡ್ ಅಂಥದೇ ಸಾಧನವನ್ನು ಮನಸ್ಸಿಗೆ ಹೋಲಿಸಿದರು. ಕೆಳಗೆ ಮೇಣದ ಹಲಗೆ, ಮೇಲೆ ತೆಳು ಕಾಗದ, ಅದರ ಮೇಲೆ ಸೆಲ್ಯುಲಾಯ್ಡ್ ಹಾಳೆ. ಕಡ್ಡಿಯಲ್ಲಿ ಗೀಚಿದರೆ ಅಕ್ಷರ ಮೂಡುತ್ತದೆ. ಹಾಳೆ ಎತ್ತಿದರೆ ಮಾಯ. ಮೇಣದ ಮೇಲಿನ ಗೀರು ಮಾತ್ರ ಉಳಿಯುತ್ತದೆ, ಸರಿಯಾದ ಬೆಳಕಿನಲ್ಲಿ ಕಾಣುತ್ತದೆ. ಆ ಮೇಣವೇ ಸುಪ್ತಮನಸ್ಸು. ಅಳಿದ ಗುರುತನ್ನು ಸ್ಲೇಟು ತಾನಾಗಿ ಮತ್ತೆ ಮೇಲೆ ತರಲಾರದು, ನೆನಪು ತರುತ್ತದೆ. ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ ಎಂದೂ ಫ್ರಾಯ್ಡ್ ಹೇಳಿದ್ದರು.

ಡೆರಿಡಾ ಹಿಡಿದದ್ದು ಇದನ್ನೇ. ಮನಸ್ಸಿನ ಬಗ್ಗೆ ಹೇಳಹೊರಟ ಫ್ರಾಯ್ಡ್ ಮತ್ತೆ ಮತ್ತೆ ಬರವಣಿಗೆಯ ಹೋಲಿಕೆಗೇ ಯಾಕೆ ಬಂದರು? ಡೆರಿಡಾಗೆ ಫ್ರಾಯ್ಡ್ ದಾರಿ ತೋರಿದವರೂ ಹೌದು, ಪ್ರಶ್ನಿಸಬೇಕಾದವರೂ ಹೌದು. ಈ ಎಳೆದಾಟವನ್ನು ಬರೆಯಿರಿ. ನೀವು ಸುಮ್ನೆ ‘ಪ್ರಭಾವ’ ಅಂದುಬಿಟ್ಟಿದ್ದೀರಿ.

ಇನ್ನೊಂದು ತಪ್ಪು ಸಣ್ಣದಲ್ಲ. ಅಮೆರಿಕದ ಕತೆಗಾರ ಎಡ್ಗರ್ ಅಲನ್ ಪೋ 1844ರಲ್ಲಿ ಬರೆದ ಕದ್ದ ಪತ್ರದ ಕತೆಯನ್ನು ಓದಿ ಫ್ರೆಂಚ್ ಮನೋವಿಶ್ಲೇಷಕ ಲಕಾನ್, ಪತ್ರ ಯಾವಾಗಲೂ ಸೇರಬೇಕಾದಲ್ಲಿಗೆ ಸೇರುತ್ತದೆ ಅಂದರು. 1975ರಲ್ಲಿ ಡೆರಿಡಾ ಅದಕ್ಕೆ ಉತ್ತರ ಕೊಟ್ಟರು. ‘ಪತ್ರ ಎಂದೂ ಸೇರುವುದಿಲ್ಲ’ ಎನ್ನುವುದು ಡೆರಿಡಾ ಮಾತು ಅಂತ ನೀವು ಬರೆದಿದ್ದೀರಿ. ಅವರು ಅಂದದ್ದು, ಸೇರದೆಯೂ ಹೋಗಬಹುದು ಅಂತ. ಆ ‘ಬಹುದು’ವಿನಲ್ಲೇ ಇಬ್ಬರ ಜಗಳ ಇದೆ. ಪತ್ರ ಸೇರಿದಾಗಲೂ ತಪ್ಪಿಹೋಗುವ ಸಾಧ್ಯತೆ ಅದರ ಜೊತೆಗೇ ಇರುತ್ತದೆ ಎನ್ನುವುದು ಅವರ ಮಾತಿನ ತಿರುಳು.

ಕೊನೆಯ ಪುಟದ ಹೆಸರುಗಳ ಸಾಲು ಜಾಸ್ತಿಯಾಯಿತು, ತೆಗೆದುಬಿಡಿ. ಫ್ರಾಯ್ಡ್, ಲಕಾನ್, ಡೆರಿಡಾ ಸಾಕು. ತಿದ್ದಿ ಕಳಿಸಿ, ನಾನೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ