ಟೆಂಡರ್ ಇಲ್ಲದೆ ಅಂಚೆಯವರು ವ್ಯಾನ್ ಕೊಂಡರೆ ತಪ್ಪೇನು?

ಶಿರಸಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ. ಅಂಚೆ ಇಲಾಖೆಯಲ್ಲಿ ಸಬ್ ಪೋಸ್ಟ್‌ಮಾಸ್ಟರ್ ಆಗಿ ನಿವೃತ್ತರಾದವರು. ಅವರ ಪತ್ರದ ಮುಖ್ಯ ಭಾಗ ಇಷ್ಟು:

“ಡೆನ್ಮಾರ್ಕಿನಲ್ಲಿ ಸರ್ಕಾರಿ ಅಂಚೆ ಕಾಗದ ಹಂಚುವುದನ್ನು ನಿಲ್ಲಿಸಿದ ಬಗ್ಗೆ ನಿಮ್ಮ ಹಿಂದಿನ ಸಂಚಿಕೆಯಲ್ಲಿ ಓದಿದೆ. ಅದರ ಪಾರ್ಸೆಲ್ ಕೆಲಸಕ್ಕೆ ಟೆಂಡರ್ ನಿಯಮಗಳಿಂದ ವಿನಾಯಿತಿ ಇದೆ ಅಂತ ಒಂದು ಸಾಲು ಹಾಕಿ ಮುಂದೆ ಹೋಗಿಬಿಟ್ಟಿದ್ದೀರಿ. ನಮ್ಮ ರಾಜ್ಯದ ಸರ್ಕಾರಿ ಖರೀದಿ ಕಾಯ್ದೆಯ 4(ಜಿ) ವಿನಾಯಿತಿಯ ಹೆಸರಿನಲ್ಲಿ ಏನೇನು ನಡೆಯುತ್ತದೆ ಎಂದು ಎಲ್ಲರಿಗೂ ಗೊತ್ತು. ಅಲ್ಲೂ ಅದೇ ಕಥೆಯಾ? ಸರ್ಕಾರಿ ಕಚೇರಿಗಳು ತಮ್ಮ ರವಾನೆ ಕೆಲಸವನ್ನೆಲ್ಲ ಟೆಂಡರ್ ಇಲ್ಲದೆ ಅಂಚೆಗೇ ಕೊಡಬಹುದು ಅಂತಾಯಿತಲ್ಲ? ಸ್ಪರ್ಧೆ ಇದೆ ಅಂತ ತೀರ್ಮಾನ ಮಾಡುವವರು ಯಾರು? ಇಂಥ ವಿನಾಯಿತಿ ನಮ್ಮ ಇಲಾಖೆಗೂ ಸಿಕ್ಕರೆ ಒಳ್ಳೆಯದಾ, ಕೆಟ್ಟದ್ದಾ?”

ಮಾನ್ಯರೇ,

ನಿಮ್ಮ ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಇದೇ ಗೊಂದಲ ಇನ್ನೂ ಕೆಲವು ಓದುಗರಿಗೂ ಆಗಿದೆ. ಈ ವಿನಾಯಿತಿ ಅಂಚೆ ಕಂಪನಿ ತನಗಾಗಿ ಮಾಡುವ ಖರೀದಿಗೆ ಮಾತ್ರ. ಪಾರ್ಸೆಲ್ ಸಾಗಿಸಲು ಬೇಕಾದ ವ್ಯಾನು, ವಿಂಗಡಣೆಯ ಯಂತ್ರ, ಸ್ಕ್ಯಾನರ್, ಗೋದಾಮು, ಬಾಡಿಗೆ ಲಾರಿ, ಇಂಥವು. ಕೋಪನ್‌ಹೇಗನ್ ನಗರಸಭೆ ತನ್ನ ಪಾರ್ಸೆಲ್ ಕಳಿಸಲು ಒಬ್ಬರನ್ನು ಗೊತ್ತು ಮಾಡುವಾಗ ಖರೀದಿದಾರ ನಗರಸಭೆ. ಮೊತ್ತ ಮಿತಿ ದಾಟಿದರೆ ಅದು ಟೆಂಡರ್ ಕರೆಯಲೇಬೇಕು. ಸರ್ಕಾರಿ ಅಂಚೆಯೂ ಉಳಿದವರ ಸಾಲಿನಲ್ಲೇ ನಿಂತು ಬೆಲೆ ಹೇಳಬೇಕು. ಹಾಗಾಗಿ ಕೆಲಸವನ್ನೆಲ್ಲ ಅಂಚೆಗೇ ಕೊಡಬಹುದು ಎಂಬ ನಿಮ್ಮ ಭಯಕ್ಕೆ ಅಲ್ಲಿ ಜಾಗವಿಲ್ಲ.

ಇನ್ನು ಹಿನ್ನೆಲೆ. ಐರೋಪ್ಯ ಒಕ್ಕೂಟದಲ್ಲಿ ನೀರು, ವಿದ್ಯುತ್, ಸಾರಿಗೆಯಂಥ ಸೇವೆ ಕೊಡುವ ಸಂಸ್ಥೆಗಳ ಖರೀದಿಗೆ ಬೇರೆಯದೇ ಒಂದು ಕಾನೂನಿದೆ. 2004ರಲ್ಲಿ ಅಂಚೆಯನ್ನೂ ಅದರೊಳಗೆ ತಂದರು. 2014ರಲ್ಲಿ ಆ ಕಾನೂನನ್ನು ಹೊಸದಾಗಿ ಬರೆದರೂ ಮೂಲ ವಿಚಾರ ಹಾಗೇ ಉಳಿಯಿತು. ಇಂಥ ಸಂಸ್ಥೆಗಳು ಹೆಚ್ಚಾಗಿ ಸರ್ಕಾರದವು, ಅಥವಾ ಸರ್ಕಾರ ಕೊಟ್ಟ ಏಕಸ್ವಾಮ್ಯ ಅನುಭವಿಸುವಂಥವು. ದುಬಾರಿ ಬೆಲೆಗೆ ಕೊಂಡರೂ ಅವುಗಳ ಗ್ರಾಹಕ ಎಲ್ಲಿಗೂ ಹೋಗುವಂತಿಲ್ಲ. ಅದಕ್ಕೇ ಟೆಂಡರ್ ಎಂಬ ಕಡಿವಾಣ. ಹಾಗಾದರೆ ಗ್ರಾಹಕ ಸುಲಭವಾಗಿ ಬೇರೆ ಕಡೆ ಹೋಗಬಲ್ಲ ಎಂದಾದರೆ? ದುಬಾರಿ ವ್ಯಾನ್ ಕೊಂಡ ಅಂಚೆ ತನ್ನ ದರ ಏರಿಸಬೇಕಾಗುತ್ತದೆ, ಗ್ರಾಹಕ ಮರುದಿನವೇ ಡಿಎಚ್‌ಎಲ್‌ನಂಥ ಕೊರಿಯರ್ ಕಂಪನಿಯ ಬಾಗಿಲಿಗೆ ಹೋಗುತ್ತಾನೆ. ಆಗ ಕಡಿವಾಣ ಬೇಡ. ವಿನಾಯಿತಿಯ ಹಿಂದಿರುವ ಯೋಚನೆ ಇಷ್ಟೇ.

ಟೆಂಡರ್ ಅಂದರೆ ಅಲ್ಲಿ ಎಷ್ಟು ಕೆಲಸ ಅಂತ ನೋಡಿ. ನಾಲ್ಕು ಲಕ್ಷ ಚಿಲ್ಲರೆ ಯೂರೋ ದಾಟಿದ ಪ್ರತಿ ಸರಕು, ಸೇವೆಯ ಖರೀದಿಗೂ ಒಕ್ಕೂಟದ ಅಧಿಕೃತ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಮುಕ್ತ ಟೆಂಡರ್ ಆದರೆ ಬಿಡ್ ಹಾಕಲು ಕನಿಷ್ಠ 35 ದಿನ, ಆನ್‌ಲೈನ್ ಆದರೆ 30 ದಿನ ಬಿಡಬೇಕು. ಗೆದ್ದವರು ಯಾರು ಅಂತ ತಿಳಿಸಿದ ಮೇಲೂ ಕನಿಷ್ಠ 10 ದಿನ ಸಹಿ ಹಾಕುವಂತಿಲ್ಲ. ಸೋತವರು ತಕರಾರು ಎತ್ತಲಿ ಅಂತ ಆ ಬಿಡುವು. ತಕರಾರು ಎದ್ದರೆ ಕೋರ್ಟು.

ಕಾಯುವುದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಟೆಂಡರ್ ದಾಖಲೆ ಅಂದರೆ ಎಲ್ಲರೂ ಓದುವ ಕಾಗದ. ಗಂಟೆಗೆ ಎಷ್ಟು ಪಾರ್ಸೆಲ್ ವಿಂಗಡಿಸುವ ಯಂತ್ರ ಬೇಕು, ಅದನ್ನು ಯಾವ ಊರಲ್ಲಿ ಕೂರಿಸಬೇಕು, ಯಾವ ತಿಂಗಳಿಂದ ಓಡಬೇಕು, ಎಲ್ಲವೂ ಅದರಲ್ಲಿರುತ್ತದೆ. ಎದುರಾಳಿ ಕೊರಿಯರ್ ಕಂಪನಿಯ ಮ್ಯಾನೇಜರ್ ಚಹಾ ಕುಡಿಯುತ್ತಾ ಅದನ್ನು ಓದಿದರೆ ಸಾಕು, ಅಂಚೆಯ ಮುಂದಿನ ವರ್ಷದ ಯೋಜನೆ ಅವನಿಗೆ ಗೊತ್ತಾಗುತ್ತದೆ. ಅವನ ಯೋಜನೆ ಮಾತ್ರ ಯಾರಿಗೂ ಕಾಣುವುದಿಲ್ಲ, ಖಾಸಗಿ ಕಂಪನಿಗೆ ಈ ಕಾನೂನು ಅನ್ವಯಿಸುವುದಿಲ್ಲವಲ್ಲ. ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಪಾರ್ಸೆಲ್ ರಾಶಿ ಬಿದ್ದಾಗ ಅವನು ಫೋನ್ ಮಾಡಿ ಐವತ್ತು ವ್ಯಾನ್ ಬಾಡಿಗೆಗೆ ತರಿಸುತ್ತಾನೆ. ಅಂಚೆಯವರು ಬೇಸಿಗೆಯಲ್ಲೇ ಲೆಕ್ಕ ಹಾಕಿ ಪ್ರಕಟಣೆ ಹೊರಡಿಸಿರಬೇಕು. ಲೆಕ್ಕ ತಪ್ಪಿತೋ, ಪಾರ್ಸೆಲ್ ಗೋದಾಮಿನಲ್ಲೇ ಹೊಸ ವರ್ಷ ಆಚರಿಸುತ್ತದೆ. ಇಲಾಖೆಯಲ್ಲಿ ಇಂಡೆಂಟ್ (ಸಾಮಗ್ರಿಯ ಬೇಡಿಕೆ ಪತ್ರ) ಹಾಕಿ ಕಾದು ಕೂತವರು ನೀವು, ಇದನ್ನು ನಾನು ಬಿಡಿಸಿ ಹೇಳುವುದು ಬೇಡ ಅಲ್ವಾ?

ಈಗ ತೀರ್ಮಾನ ಮಾಡುವವರು ಯಾರು ಎಂಬ ಪ್ರಶ್ನೆ. 4(ಜಿ)ಗೂ ಇದಕ್ಕೂ ಅಜಗಜಾಂತರ ಇರುವುದು ಇಲ್ಲೇ. ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆಗೆಂದು ಮಾಡಿದ ನಮ್ಮ 1999ರ ಕೆಟಿಪಿಪಿ ಕಾಯ್ದೆಯ ಆ ಕಲಮಿನಲ್ಲಿ ರಾಜ್ಯ ಸರ್ಕಾರವೇ ಅಧಿಸೂಚನೆ ಹೊರಡಿಸಿ ನಿರ್ದಿಷ್ಟ ಖರೀದಿಯೊಂದನ್ನು ಟೆಂಡರ್‌ನಿಂದ ಹೊರಗಿಡಬಹುದು. ಇಂತಿಂಥದ್ದನ್ನು ರುಜುವಾತು ಮಾಡಿ ಅಂತ ಆ ಕಲಮು ಕೇಳುವುದಿಲ್ಲ. ಕೊಳ್ಳುವವರೂ ಸರ್ಕಾರದವರೇ, ಬಿಟ್ಟುಕೊಡುವವರೂ ಸರ್ಕಾರದವರೇ. ಅಲ್ಲಿ ಹಾಗಲ್ಲ. ಡೆನ್ಮಾರ್ಕ್ ಸರ್ಕಾರವೋ ಅದರ ಅಂಚೆಯೋ ಬ್ರಸೆಲ್ಸ್‌ನಲ್ಲಿರುವ ಒಕ್ಕೂಟದ ಆಡಳಿತ ಸಂಸ್ಥೆ ಯುರೋಪಿಯನ್ ಕಮಿಷನ್‌ಗೆ ಅರ್ಜಿ ಹಾಕಬೇಕು. ಎರಡು ವಿಷಯ ರುಜುವಾತಾಗಬೇಕು. ಒಂದು, ಆ ಮಾರುಕಟ್ಟೆಗೆ ಯಾರು ಬೇಕಾದರೂ ಬರಬಹುದು, ಕಾನೂನಿನ ಅಡ್ಡಿ ಇಲ್ಲ. ಎರಡು, ಬಂದವರು ನಿಜವಾಗಿ ಪೈಪೋಟಿ ಕೊಡುತ್ತಿದ್ದಾರೆ. ಯಾರ ಪಾಲು ಎಷ್ಟು, ಬೆಲೆ ಹೇಗೆ ಏರಿಳಿದಿದೆ, ಗ್ರಾಹಕರಿಗೆ ಬದಲಿ ಏನಿದೆ ಅಂತೆಲ್ಲ ನೋಡುತ್ತಾರೆ. ತೀರ್ಪನ್ನು ಕಾರಣ ಸಮೇತ ಪ್ರಕಟಿಸುತ್ತಾರೆ. ಒಪ್ಪದವರು ನ್ಯಾಯಾಲಯಕ್ಕೆ ಹೋಗಬಹುದು.

ಒಂದು ವಿಚಿತ್ರವೂ ಇದೆ. ಕಮಿಷನ್‌ಗೆ ಗಡುವು ಇದೆ: ಈಗಿನ ಕಾನೂನಿನಲ್ಲಿ 90 ಕೆಲಸದ ದಿನ, ಕೆಲವು ಪ್ರಸಂಗಗಳಲ್ಲಿ 130. ಅಷ್ಟರಲ್ಲಿ ಏನೂ ಹೇಳದಿದ್ದರೆ ವಿನಾಯಿತಿ ಸಿಕ್ಕಂತೆಯೇ. ಫೈಲ್ ಮೇಲೆ ಕೂರುವುದಕ್ಕೆ ನಮ್ಮಲ್ಲಿ ಬೇರೆಯದೇ ಫಲ ಸಿಗುತ್ತದೆ ಬಿಡಿ.

ಮುಖ್ಯವಾದ ಮಾತು: ವಿನಾಯಿತಿ ಸಿಗುವುದು ಇಡೀ ಅಂಚೆಗಲ್ಲ, ಒಂದೊಂದು ಸೇವೆಗೆ. ಕಂಪನಿಯಿಂದ ಕಂಪನಿಗೆ ಹೋಗುವ ಪಾರ್ಸೆಲ್ ಬೇರೆ, ಮನೆಯಿಂದ ಮನೆಗೆ ಹೋಗುವ ಪಾರ್ಸೆಲ್ ಬೇರೆ. ದೇಶದೊಳಗಿನದು ಬೇರೆ, ಹೊರದೇಶದ್ದು ಬೇರೆ. ಎಕ್ಸ್‌ಪ್ರೆಸ್ ಬೇರೆ, ಸಾಮಾನ್ಯ ಬೇರೆ. 2007ರಲ್ಲಿ ಡೆನ್ಮಾರ್ಕಿಗೆ ಸಿಕ್ಕಿದ್ದು ಕೆಲವು ಕೊರಿಯರ್ ಮತ್ತು ಪಾರ್ಸೆಲ್ ಸೇವೆಗಳಿಗೆ. ಅದೇ ವರ್ಷ ಫಿನ್ಲೆಂಡಿನ ಕೆಲವು ಅಂಚೆ ಸೇವೆಗಳಿಗೆ ಸಿಕ್ಕಿತು. 2008ರಲ್ಲಿ ಇಟಲಿಯ ಎಕ್ಸ್‌ಪ್ರೆಸ್ ಮತ್ತು ಕೊರಿಯರ್ ಸರದಿ. ಆ ವರ್ಷದ ಕೊನೆಗೆ ಸ್ವೀಡನ್, 2010ರಲ್ಲಿ ಆಸ್ಟ್ರಿಯಾ. ಎಲ್ಲ ಕಡೆಯೂ “ಕೆಲವು ಸೇವೆಗಳು” ಅಂತಲೇ.

ಪಾರ್ಸೆಲ್ ವಿಷಯದಲ್ಲಿ ನನಗೆ ತಕರಾರಿಲ್ಲ. ಕಾಗದದ ವಿಷಯದಲ್ಲಿ ಅಷ್ಟು ಬೇಗ ತಲೆಯಾಡಿಸಲಾರೆ. ಕಾಗದದ ಮಾರುಕಟ್ಟೆ ಯುರೋಪಿನಲ್ಲಿ ತೆರೆದದ್ದೇ ತಡವಾಗಿ. ಇಂತಿಷ್ಟು ತೂಕದೊಳಗಿನ ಕಾಗದ ಸರ್ಕಾರಿ ಅಂಚೆಗೇ ಮೀಸಲು ಅಂತ ಇತ್ತು. 2003ರಿಂದ 100 ಗ್ರಾಂ, 2006ರಿಂದ 50 ಗ್ರಾಂ. ಪೋಲೆಂಡ್‌ನಲ್ಲಿ ಇನ್‌ಪೋಸ್ಟ್ ಎಂಬ ಖಾಸಗಿ ಕಂಪನಿ ಈ 50 ಗ್ರಾಂ ಗೋಡೆ ದಾಟಲು ಏನು ಮಾಡಿತು ಗೊತ್ತಾ? ಹಗುರವಾದ ಕಾಗದಗಳ ಜೊತೆ ಒಂದು ಪುಟ್ಟ ಲೋಹದ ತಗಡು ಸೇರಿಸಿತು. ತೂಕ 50 ಗ್ರಾಂ ದಾಟಿತು, ಕಾನೂನಿನ ಬಾಯಿ ಮುಚ್ಚಿತು. ಕರೆಂಟ್ ಬಿಲ್ಲೋ ಬ್ಯಾಂಕಿನ ಕಾಗದವೋ ತಗಡಿನ ಸಮೇತ ಮನೆಗೆ ಬರುತ್ತಿತ್ತು. ಒಕ್ಕೂಟದ 2008ರ ನಿರ್ದೇಶನ ಈ ಮೀಸಲನ್ನು ತೆಗೆದುಹಾಕಿತು. ಹೆಚ್ಚಿನ ದೇಶಗಳಿಗೆ 2010ರ ಕೊನೆ, ಪೋಲೆಂಡ್ ಸೇರಿ ಉಳಿದ ಕೆಲವಕ್ಕೆ 2012ರ ಕೊನೆ ಗಡುವು.

ಗೋಡೆ ಬಿದ್ದ ಮಾತ್ರಕ್ಕೆ ಪೈಪೋಟಿ ಬಂತು ಅನ್ನುವಂತಿಲ್ಲ. ಸ್ವೀಡನ್ನನ್ನೇ ನೋಡಿ. 1993ರಲ್ಲೇ ಏಕಸ್ವಾಮ್ಯ ಕಿತ್ತುಹಾಕಿದ ದೇಶ ಅದು. ಅದಕ್ಕೂ ಮೊದಲೇ, 1991ರಲ್ಲಿ, ಸಿಟಿಮೇಲ್ ಎಂಬ ಕಂಪನಿ ಸ್ಟಾಕ್‌ಹೋಮಿನಲ್ಲಿ ಕಾಗದ ಹಂಚಲು ಶುರು ಮಾಡಿತ್ತು. (ಮುಂದೆ ಅದನ್ನು ಕೊಂಡದ್ದು ನಾರ್ವೆಯ ಸರ್ಕಾರಿ ಅಂಚೆ! ಒಂದು ಸರ್ಕಾರದ ಅಂಚೆಗೆ ಇನ್ನೊಂದು ಸರ್ಕಾರದ ಅಂಚೆ ಎದುರಾಳಿ.) ಸಿಟಿಮೇಲ್ ತೆಗೆದುಕೊಂಡದ್ದು ಬ್ಯಾಂಕು, ಕಂಪನಿಗಳು ಮೊದಲೇ ವಿಂಗಡಿಸಿ ಕೊಡುವ ರಾಶಿ ಕಾಗದವನ್ನು. ಹಂಚಿದ್ದು ದೊಡ್ಡ ಊರುಗಳಲ್ಲಿ, ಅದೂ ಪ್ರತಿದಿನವಲ್ಲ. ಉತ್ತರದ ಕಿರುನಾ ಪಟ್ಟಣದ ಆಚೆ ಒಂಟಿ ಮನೆಯ ಅಜ್ಜಿ ತನ್ನ ತಂಗಿಗೆ ಬರೆದ ಕಾಗದ ಹಾಕಬೇಕಾದರೆ ಅವಳ ಪಾಲಿಗೆ ಇದ್ದದ್ದು ಒಂದೇ ಅಂಚೆ. ದೇಶದ ಲೆಕ್ಕದಲ್ಲಿ ಇಬ್ಬರಿದ್ದರೂ ಅವಳ ಲೆಕ್ಕದಲ್ಲಿ ಒಬ್ಬರೇ. ಇಂಥ ಕಡೆ ಟೆಂಡರ್ ನಿಯಮ ತೆಗೆದುಹಾಕುವುದು ನನಗೆ ಒಪ್ಪಿಗೆಯಿಲ್ಲ.

ಇನ್ನೊಂದು ತೊಡಕು ನಿಮಗೆ ಚೆನ್ನಾಗಿ ಅರ್ಥವಾಗುತ್ತದೆ. ಒಂದೇ ವ್ಯಾನ್‌ನಲ್ಲಿ ಕಾಗದವೂ ಹೋಗುತ್ತದೆ, ಪಾರ್ಸೆಲ್ಲೂ ಹೋಗುತ್ತದೆ. ಪಾರ್ಸೆಲ್ಲಿಗೆ ವಿನಾಯಿತಿ ಇದೆ, ಕಾಗದಕ್ಕೆ ಇಲ್ಲ ಅಂದುಕೊಳ್ಳಿ. ವ್ಯಾನನ್ನು ಯಾವ ನಿಯಮದಲ್ಲಿ ಕೊಳ್ಳಬೇಕು? ಮುಖ್ಯವಾಗಿ ಯಾವುದಕ್ಕೆ ಬಳಸುತ್ತೀರೋ ಅದರ ನಿಯಮ ಅನ್ನುತ್ತದೆ ಕಾನೂನು. ಹಾಗೆ ಬೇರ್ಪಡಿಸಿ ಹೇಳಲಾಗದಿದ್ದರೆ ಟೆಂಡರ್ ನಿಯಮವೇ ಅನ್ವಯ. ಸಂಶಯ ಬಂದರೆ ಸಾರ್ವಜನಿಕರ ಕಡೆಗೆ ವಾಲುವ ಈ ಜಾಣ್ಮೆ ನನಗೆ ಇಷ್ಟವಾಯಿತು. ಇಟಲಿಯ ಅಂಚೆ ಕಂಪನಿ ತನ್ನ ಕಟ್ಟಡಗಳ ಬಾಗಿಲು ಕಾಯುವ, ಬಂದವರನ್ನು ವಿಚಾರಿಸಿ ಒಳಗೆ ಬಿಡುವ ಕೆಲಸದ ಗುತ್ತಿಗೆಯ ಬಗ್ಗೆಯೇ ಒಕ್ಕೂಟದ ನ್ಯಾಯಾಲಯದವರೆಗೆ ಜಗಳ ಹೋಗಿತ್ತು. 2020ರಲ್ಲಿ ತೀರ್ಪು ಬಂತು: ಆ ಕೆಲಸ ಅಂಚೆ ಚಟುವಟಿಕೆಗೆ ಅಂಟಿಕೊಂಡಿದೆ, ಆದ್ದರಿಂದ ಈ ಕಾನೂನಿನೊಳಗೇ ಬರುತ್ತದೆ. ಕಾವಲುಗಾರನ ಕುರ್ಚಿಯವರೆಗೂ ಲೆಕ್ಕ ಹಾಕುತ್ತಾರೆ ಅಂತಾಯಿತು.

ಹಾಗಂತ ಅಲ್ಲಿ ಎಲ್ಲ ಸರಿಯಿದೆ ಅಂತ ನಾನು ವಕಾಲತ್ತು ವಹಿಸುತ್ತಿಲ್ಲ. ಪೈಪೋಟಿ ಇದ್ದರೆ ದುಂದು ಕಡಿಮೆಯಾಗುತ್ತದೆ, ನಿಜ. ಆದರೆ ಖರೀದಿಯಲ್ಲಿ ಲಂಚ ತಿನ್ನುವವನು ತಿನ್ನುವುದು ಕಂಪನಿಯ ದುಡ್ಡನ್ನು. ಕಂಪನಿಗೆ ನಷ್ಟವಾದರೆ ಅವನ ಜೇಬಿಗೇನೂ ಕತ್ತರಿ ಬೀಳುವುದಿಲ್ಲ. ಅದಕ್ಕೆ ಆಡಿಟ್, ಲಂಚದ ಕಾನೂನು ಇರಲೇಬೇಕು. ವಿನಾಯಿತಿ ಸಿಕ್ಕ ಮಾತ್ರಕ್ಕೆ ಅವೆರಡರಿಂದ ಯಾರೂ ಪಾರಾಗುವುದಿಲ್ಲ.

ಅದಕ್ಕಿಂತ ಗಟ್ಟಿ ಪ್ರಶ್ನೆ ಮಾಲೀಕನದ್ದು. 2009ರಲ್ಲಿ ಡೆನ್ಮಾರ್ಕ್ ಮತ್ತು ಸ್ವೀಡನ್ ಅಂಚೆಗಳು ಸೇರಿ ಪೋಸ್ಟ್‌ನಾರ್ಡ್ ಆಯಿತು. ಅದರಲ್ಲಿ ಶೇ. 60 ಸ್ವೀಡನ್ ಸರ್ಕಾರದ್ದು, ಶೇ. 40 ಡೆನ್ಮಾರ್ಕ್ ಸರ್ಕಾರದ್ದು. ಡೆನ್ಮಾರ್ಕಿನ ಕಡೆಯ ನಷ್ಟ ಏರಿದಾಗ 2017ರಲ್ಲಿ ಎರಡೂ ಸರ್ಕಾರಗಳು ದುಡ್ಡು ಸುರಿಯಲು ಒಪ್ಪಬೇಕಾಯಿತು. ನಷ್ಟ ತುಂಬಿಕೊಡುವ ಮಾಲೀಕ ಇದ್ದರೆ ಪೈಪೋಟಿಯ ಬಿಸಿ ಎಷ್ಟು ತಟ್ಟೀತು? ಸರ್ಕಾರಿ ನೆರವಿಗೇ ಬೇರೆ ನಿಯಮಗಳಿವೆ, ಅವು ನೋಡಿಕೊಳ್ಳುತ್ತವೆ ಎನ್ನುವುದು ಬ್ರಸೆಲ್ಸ್‌ನವರ ಉತ್ತರ. ಕಾಗದದ ಮೇಲೆ ಸರಿಯಾದ ಉತ್ತರವೇ. ನನಗೆ ಪೂರ್ತಿ ಸಮಾಧಾನವಿಲ್ಲ.

ಡೆನ್ಮಾರ್ಕಿನಲ್ಲಿ 2000ದಲ್ಲಿ ವರ್ಷಕ್ಕೆ ಸುಮಾರು 145 ಕೋಟಿ ಕಾಗದ ಓಡಾಡುತ್ತಿದ್ದವು. 2024ಕ್ಕೆ 11 ಕೋಟಿ. 1624ರಲ್ಲಿ ಶುರುವಾದ ಅಂಚೆ 2025ರ ಡಿಸೆಂಬರ್ ಕೊನೆಗೆ ಕಾಗದ ಹಂಚುವುದನ್ನು ಬಿಟ್ಟಿತು. ಈಗ ಡಾವೋ ಎಂಬ ಖಾಸಗಿ ಕಂಪನಿ ಹಂಚುತ್ತಿದೆ. ಹೀಗೆ ಅಲ್ಲಿ ಪೋಸ್ಟ್‌ನಾರ್ಡ್‌ಗೆ ಉಳಿದಿರುವುದು ಹೆಚ್ಚುಕಡಿಮೆ ಪಾರ್ಸೆಲ್ ಕೆಲಸ ಮಾತ್ರ, 2007ರ ವಿನಾಯಿತಿ ಮುಟ್ಟಿದ್ದ ಕ್ಷೇತ್ರ ಅದೇ.

ಕೊನೆಗೆ ನಮ್ಮ ಇಲಾಖೆ. ಕೆಟಿಪಿಪಿ ಕಾಯ್ದೆ ಅದಕ್ಕೆ ತಾಗುವುದೇ ಇಲ್ಲ, ಅದು ಕೇಂದ್ರದ ಇಲಾಖೆ. 2017ರ ಸಾಮಾನ್ಯ ಹಣಕಾಸು ನಿಯಮಗಳು ಮತ್ತು ಸರ್ಕಾರಿ ಖರೀದಿಯ ಜಾಲತಾಣವಾದ ಜೆಮ್ ಪೋರ್ಟಲ್ ಅದರ ದಾರಿ. ಬೆಂಗಳೂರಿನದೇ ಖಾಸಗಿ ಕೊರಿಯರ್ ಕಂಪನಿ ಡಿಟಿಡಿಸಿ ಬೇಕಾದ ಸ್ಕ್ಯಾನರನ್ನು ಬೇಕಾದವರಿಂದ ಕೊಳ್ಳಬಹುದು, ಅದರ ಪಕ್ಕದಲ್ಲೇ ಇರುವ ಸ್ಪೀಡ್ ಪೋಸ್ಟ್ ಕೇಂದ್ರ ಹಾಗೆ ಮಾಡುವಂತಿಲ್ಲ. ಯುರೋಪಿನ ಮೊದಲ ಪರೀಕ್ಷೆಯನ್ನು ನಾವು ಪಾಸು ಮಾಡುತ್ತೇವೆ: 1898ರ ಕಾಯ್ದೆಯಲ್ಲಿದ್ದ ಕಾಗದದ ಏಕಸ್ವಾಮ್ಯ 2023ರ ಹೊಸ ಅಂಚೆ ಕಾಯ್ದೆಯಲ್ಲಿ ಇಲ್ಲ. ಇಲಾಖೆಗೇ ಮೀಸಲಾಗಿ ಉಳಿದದ್ದು ಅಂಚೆಚೀಟಿ ಹೊರಡಿಸುವ ಹಕ್ಕು. ಪಾರ್ಸೆಲ್ಲಿಗೆ ನಿಜವಾದ ಪೈಪೋಟಿಯ ಎರಡನೇ ಪರೀಕ್ಷೆಯೂ ಕಷ್ಟವಲ್ಲ. ಸಿಕ್ಕಿಹಾಕಿಕೊಳ್ಳುವುದು ಆಮೇಲೆ. ಇಲಾಖೆಯ ಕೊರತೆಯನ್ನು ತುಂಬುವುದು ಕೇಂದ್ರ ಬಜೆಟ್. ಗ್ರಾಹಕ ಬಿಟ್ಟು ಹೋದರೆ ನೋವಾಗಬೇಕಾದ ಜಾಗದಲ್ಲಿ ನೋವಾಗುವುದಿಲ್ಲ. ಆದ್ದರಿಂದ ಈಗ ಬೇಡ ಎನ್ನುವುದು ನನ್ನ ಅಭಿಪ್ರಾಯ. ಪಾರ್ಸೆಲ್ ವ್ಯವಹಾರದ ಲೆಕ್ಕವನ್ನು ಬೇರೆ ಮಾಡಿ, ಲಾಭ ನಷ್ಟ ಅದರ ತಲೆಗೇ ಕಟ್ಟಿದ ಮೇಲೆ ಈ ಮಾತು ಎತ್ತಬಹುದು. ಅಲ್ಲಿಯವರೆಗೆ ಸಣ್ಣ ಖರೀದಿಗಳಿಗೆ ಸ್ಥಳೀಯ ಅಧಿಕಾರಿಗೆ ಇನ್ನಷ್ಟು ಅಧಿಕಾರ ಕೊಟ್ಟರೂ ಎಷ್ಟೋ ಕೆಲಸ ಆಗುತ್ತದೆ.

ನಿಮ್ಮ ಪತ್ರದ ಮೂರನೇ ಪುಟದಲ್ಲಿ ಮೇಲ್‌ಬ್ಯಾಗಿನ ಇಂಡೆಂಟ್ ಬಗ್ಗೆ ಬರೆದಿರುವುದನ್ನು ಜಾಗವಿಲ್ಲದೆ ಇಲ್ಲಿ ಬಿಟ್ಟಿದ್ದೇನೆ. ಅದನ್ನೇ ಬೆಳೆಸಿ ಬೇರೆ ಲೇಖನವಾಗಿ ಕಳಿಸುತ್ತೀರಾ? ಎರಡು ಪುಟ ಆದರೆ ಸಾಕು. ಈ ತಿಂಗಳ 20ರೊಳಗೆ ತಲುಪಿದರೆ ಮುಂದಿನ ಸಂಚಿಕೆಗೆ ಹಾಕುತ್ತೇವೆ.

— ಸಂಪಾದಕ